ನಾಯಿ ಬೆಕ್ಕುಗಳ ಮಳೆ

ಮಳೆ ಬಿರುಸಾದಾಗ ಇಂಗ್ಲಿಷಿನಲ್ಲಿ ಸಲಿಗೆಯಿಂದ 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಎನ್ನುವರು. ಇದು ನುಡಿಗಟ್ಟು, ಬಿಡಿಪದಗಳ ಅರ್ಥವನ್ನು ಕೂಡಿಸಿದರೆ ಇದರ ಭಾವ ದೊರೆಯದು. ಗೆಳೆಯರೊಡನೆ ಮಾತಾಡುವಾಗ ಇದು ಸೊಗಸು, ವರದಿಗೆ ಒಪ್ಪದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆಯಾಯಿತೆಂದು ಬರೆಯುವಲ್ಲಿ ಅಂಕಿಯೇ ಸಾಕು.

ಆದರೆ 'ನಾಯಿ ಬೆಕ್ಕುಗಳು ಸುರಿದವು' ಎಂದು ಕನ್ನಡದಲ್ಲಿ ಬರೆದರೆ ನಗೆಗೀಡು. ಕೊಡಗಟ್ಟಲೆ ಸುರಿದರೆ ನಮ್ಮಲ್ಲಿ ಕುಂಭದ್ರೋಣ ಮಳೆ; ಒನಕೆ ಗಾತ್ರದ ಧಾರೆಯಾದರೆ ಮುಸಲಧಾರೆ. ಕೋಪರಖೈರಣೆಯ ನಮ್ಮ ಮರಾಠಿ ನೆರೆಯವರೂ 'ಮುಸಳಧಾರ' ಎನ್ನುವರು. ಇಂಗ್ಲಿಷಿನ ನುಡಿಗಟ್ಟು ಇಂಗ್ಲಿಷಿನಲ್ಲಿ ಮೆರೆಯಲಿ. ಕನ್ನಡದ್ದನ್ನು ನಾವು ಮನೆಯ ಹಿರಿಯರಿಂದ ಕೇಳಿ ಕಲಿಯೋಣ. ನಗರದ ಮನೆಗಳಲ್ಲಿ ಒನಕೆ ಮರೆಯಾಗಿದೆ. ಅದರ ಮಾತೂ ಮರೆಯಾಗದಿರಲಿ.