ಮಗು ನಸುಕಿನ 5ಕ್ಕೇ ಏಳುತ್ತದೆಯೇ? ಫಾರ್ವರ್ಡ್ ಸಲಹೆಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು

ಮಕ್ಕಳ ನಿದ್ದೆಯ ಬಗ್ಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೇಲಿಂದ ಮೇಲೆ ನಾಲ್ಕು ಸಲಹೆಗಳು ತಿರುಗುತ್ತವೆ. ರಾತ್ರಿ ತಡವಾಗಿ ಮಲಗಿಸಿದರೆ ಬೆಳಗ್ಗೆ ತಡವಾಗಿ ಏಳುತ್ತದೆ. ಮಧ್ಯಾಹ್ನದ ನಿದ್ದೆ ಬಿಡಿಸಿದರೆ ರಾತ್ರಿ ಗಟ್ಟಿಯಾಗಿ ಮಲಗುತ್ತದೆ. ಏನೂ ಆಗದಿದ್ದರೆ ಒಂದು ಚಮಚ ಕೆಮ್ಮಿನ ಸಿರಪ್ ಹಾಕಿ. ಇವಕ್ಕೆ ಪೂರ್ತಿ ಉಲ್ಟಾ ಇನ್ನೊಂದು: ಬ್ರಾಹ್ಮೀ ಮುಹೂರ್ತದಲ್ಲೇ ಎಬ್ಬಿಸಿ, ಮಗು ಚುರುಕಾಗುತ್ತದೆ.

ಮೊದಲ ಎರಡು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಮೂರನೆಯದು ಅಪಾಯ. ನಾಲ್ಕನೆಯದು ಪುಟ್ಟ ಮಕ್ಕಳಿಗೆ ಹೇಳಿದ ಮಾತೇ ಅಲ್ಲ. ಯಾಕೆ ಎಂದು ಒಂದೊಂದಾಗಿ ನೋಡೋಣ. ಉದಾಹರಣೆಗೆ ಯಾದಗಿರಿ ಜಿಲ್ಲೆಯ ಕೆಂಭಾವಿಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಮಗು ಏಳುವ ಹೊತ್ತಿಗೂ ಊರಿನ ಬೆಳಕು, ಬಿಸಿಲು, ಮನೆಗೆಲಸಕ್ಕೂ ನೇರ ಸಂಬಂಧವಿದೆ.

ಮೊದಲು ಲೆಕ್ಕ ಹಾಕಿ

ಮಗು 5.30ಕ್ಕೆ ಎದ್ದರೆ ಅದು ಸಮಸ್ಯೆಯೇ? ಗಡಿಯಾರ ನೋಡಿದರೆ ಗೊತ್ತಾಗುವುದಿಲ್ಲ, ಒಟ್ಟು ನಿದ್ದೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಕೊಟ್ಟ ಮಾರ್ಗಸೂಚಿ ಹೀಗಿದೆ. 24 ಗಂಟೆಗಳಲ್ಲಿ, ಹಗಲು ನಿದ್ದೆಯೂ ಸೇರಿ:

• 3 ತಿಂಗಳವರೆಗೆ: 14ರಿಂದ 17 ಗಂಟೆ
• 4ರಿಂದ 11 ತಿಂಗಳು: 12ರಿಂದ 16 ಗಂಟೆ
• 1ರಿಂದ 2 ವರ್ಷ: 11ರಿಂದ 14 ಗಂಟೆ
• 3ರಿಂದ 4 ವರ್ಷ: 10ರಿಂದ 13 ಗಂಟೆ

ಎರಡು ವರ್ಷದ ಕೂಸು ರಾತ್ರಿ 8.30ಕ್ಕೆ ಮಲಗಿ 5.30ಕ್ಕೆ ಎದ್ದರೆ 9 ಗಂಟೆ. ಮಧ್ಯಾಹ್ನ ಎರಡು ಗಂಟೆ ಮಲಗಿದರೆ ಒಟ್ಟು 11. ಹಗಲಲ್ಲಿ ಲವಲವಿಕೆಯಿಂದ ಆಡುತ್ತಿದ್ದರೆ ಆ ಕೂಸಿಗೆ ತೊಂದರೆ ಏನೂ ಇಲ್ಲ. ಅದೇ ಕೂಸು ರಾತ್ರಿ 10.30ಕ್ಕೆ ಮಲಗಿ 5.30ಕ್ಕೇ ಎದ್ದು, ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದರೆ ಒಟ್ಟು ಎಂಟೂವರೆ ಗಂಟೆ ಮಾತ್ರ. ಇಬ್ಬರೂ ಎದ್ದದ್ದು ಒಂದೇ ಹೊತ್ತಿಗೆ, ಆದರೆ ಎರಡನೆಯ ಕೂಸಿಗೆ ದಿನವೂ ಎರಡೂವರೆ ಗಂಟೆ ಸಾಲುತ್ತಿಲ್ಲ. ಹಟ, ಅಳು, ಊಟ ಬೇಡ ಎನ್ನುವುದು ಹಲವು ಸಲ ಈ ಸಾಲದ ನಿದ್ದೆಯ ಮುಖಗಳು.

ಸುಳ್ಳು 1: ತಡವಾಗಿ ಮಲಗಿಸಿದರೆ ತಡವಾಗಿ ಏಳುತ್ತದೆ

ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟೂ ಕೂಡುತ್ತ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಮಿದುಳಿನೊಳಗಿನ ಗಡಿಯಾರ. ಇದು ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಸಮಯ ಹೊಂದಿಸಿಕೊಳ್ಳುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಬೆಳಕು ಬಿದ್ದಾಗ ಇಳಿಯುತ್ತದೆ.

ನಸುಕಿನ 4-5 ಗಂಟೆಯ ಹೊತ್ತಿಗೆ ನಿದ್ದೆಯ ಒತ್ತಡ ಬಹುಪಾಲು ತೀರಿರುತ್ತದೆ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲೇ ಮುಗಿದು, ಕನಸಿನ ಹಗುರ ನಿದ್ದೆ ಉಳಿದಿರುತ್ತದೆ. ಆಗ ಸಣ್ಣ ಸದ್ದು, ಸ್ವಲ್ಪ ಬೆಳಕು, ಫ್ಯಾನ್ ನಿಂತು ಬಂದ ಸೆಕೆ, ಒದ್ದೆ ಬಟ್ಟೆ, ಯಾವುದಾದರೂ ಸಾಕು, ಮಗು ಎದ್ದುಬಿಡುತ್ತದೆ.

ಒಂದು ರಾತ್ರಿ ತಡವಾಗಿ ಮಲಗಿಸಿದ ಮಾತ್ರಕ್ಕೆ ಒಳಗಿನ ಗಡಿಯಾರ ಹಿಂದೆ ಸರಿಯುವುದಿಲ್ಲ. ಮಗು ಎಂದಿನ ಹೊತ್ತಿಗೇ ಏಳುತ್ತದೆ. ನಿದ್ದೆ ಮಾತ್ರ ಒಂದು ಗಂಟೆ ಕಡಿಮೆಯಾಗಿರುತ್ತದೆ.

ಸುಳ್ಳು 2: ಮಧ್ಯಾಹ್ನದ ನಿದ್ದೆ ಬಿಡಿಸಿ

ಒಂದೆರಡು ವರ್ಷದ ಮಗುವಿಗೆ ಹಗಲು ನಿದ್ದೆ ಒಟ್ಟು ಲೆಕ್ಕದ ಭಾಗ. ಅದನ್ನು ಕಿತ್ತುಕೊಂಡರೆ ಮಗು ಸಂಜೆಯ ಹೊತ್ತಿಗೆ ಅತಿಯಾಗಿ ದಣಿದು, ಮಲಗಲು ಇನ್ನಷ್ಟು ಒದ್ದಾಡುತ್ತದೆ. ಆದರೆ ಈ ಸಲಹೆಯಲ್ಲಿ ಒಂದು ಎಳೆ ನಿಜವಿದೆ: ಸಂಜೆ 5ರವರೆಗೆ ಮಲಗಿದ ಮಗುವಿಗೆ ರಾತ್ರಿ 8ಕ್ಕೆ ನಿದ್ದೆ ಬರುವುದು ಕಷ್ಟ. ಆದ್ದರಿಂದ ಹಗಲು ನಿದ್ದೆಯನ್ನು ತೆಗೆಯಬೇಡಿ, ಊಟವಾದ ಕೂಡಲೇ ಮಲಗಿಸಿ 3-3.30ಕ್ಕೆ ಮುಗಿಯುವಂತೆ ನೋಡಿಕೊಳ್ಳಿ. ಮೂರು ವರ್ಷದ ನಂತರ ಹಲವು ಮಕ್ಕಳು ತಾವಾಗಿಯೇ ಅದನ್ನು ಬಿಡುತ್ತವೆ.

ಅಪಾಯ: ಸಿರಪ್ ಹಾಕಿ ಮಲಗಿಸುವುದು

ಕೆಲವು ನೆಗಡಿ-ಕೆಮ್ಮಿನ ಔಷಧಿಗಳಿಂದ ತೂಕಡಿಕೆ ಬರುತ್ತದೆ ನಿಜ. ಅದು ಔಷಧಿಯ ಅಡ್ಡಪರಿಣಾಮ, ಸಹಜ ನಿದ್ದೆಯಲ್ಲ. ಪುಟ್ಟ ಮಕ್ಕಳಲ್ಲಿ ಡೋಸ್ ಸ್ವಲ್ಪ ಹೆಚ್ಚಾದರೂ ಉಸಿರಾಟಕ್ಕೆ, ಹೃದಯಕ್ಕೆ ತೊಂದರೆಯಾಗಬಹುದು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲುಷಿತ ಸಿರಪ್‌ನಿಂದ ಮಕ್ಕಳು ಸತ್ತ ಸುದ್ದಿ ಬಂದಾಗ, ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಲ್ಲ ರಾಜ್ಯಗಳಿಗೂ ಸೂಚನೆ ಕಳಿಸಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ. ಕೆಮ್ಮಿದ್ದಾಗಲೇ ಬೇಡ ಎಂದಿರುವಾಗ, ಕೆಮ್ಮಿಲ್ಲದೆ ನಿದ್ದೆಗಾಗಿ ಕೊಡುವುದು ಹೇಗೆ ಸರಿ? ಜಾಯಿಕಾಯಿ ಹೆಚ್ಚು ತೇಯ್ದು ಕುಡಿಸುವುದೂ ಇದೇ ಸಾಲಿಗೆ ಸೇರುತ್ತದೆ. ಅದು ಹೆಚ್ಚಾದರೆ ವಿಷ.

ಬ್ರಾಹ್ಮೀ ಮುಹೂರ್ತದ ಮಾತು

ಸೂರ್ಯೋದಯಕ್ಕೆ 1 ಗಂಟೆ 36 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಕಾಲಕ್ಕೆ ಬ್ರಾಹ್ಮೀ ಮುಹೂರ್ತ ಎನ್ನುತ್ತಾರೆ. ಆಗ ಏಳಬೇಕೆಂದು ವಾಗ್ಭಟನ ಅಷ್ಟಾಂಗ ಹೃದಯದಲ್ಲಿ ಇರುವುದು ಆರೋಗ್ಯವಂತ ವ್ಯಕ್ತಿಯ ದಿನಚರಿಯಾಗಿ. ಹಾಲು ಕುಡಿಯುವ ಕೂಸನ್ನು ಎಬ್ಬಿಸಿ ಎಂದು ಅಲ್ಲಿ ಹೇಳಿಲ್ಲ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುವುದು ಗಾಢ ನಿದ್ದೆಯಲ್ಲಿ, ಕಲಿತದ್ದು ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಿದ್ದೆ ಮುರಿದು ಎಬ್ಬಿಸುವುದರಿಂದ ಮಗು ಜಾಣವಾಗುವುದಿಲ್ಲ.

ಕೆಂಭಾವಿಯಲ್ಲಿ ಬೇಸಿಗೆಗೆ ಯಾಕೆ ಬೇಗ ಏಳುತ್ತವೆ?

ಜನವರಿ ಕೊನೆಯಲ್ಲಿ ಕೆಂಭಾವಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.55ಕ್ಕೆ. ಜೂನ್ ಮೊದಲ ವಾರದಲ್ಲಿ ಸುಮಾರು 5.50ಕ್ಕೆ. ಸೂರ್ಯ ಕಾಣುವ ಇಪ್ಪತ್ತು ನಿಮಿಷ ಮೊದಲೇ ಬೆಳಕು ಹರಿಯುತ್ತದೆ, ಅಂದರೆ ಬೇಸಿಗೆಯ ಕೊನೆಗೆ 5.30ಕ್ಕೆಲ್ಲ ಬೆಳಗು. ಚಳಿಗಾಲದಲ್ಲಿ 6.30ಕ್ಕೆ ಏಳುತ್ತಿದ್ದ ಮಗು ಈಗ 5.30ಕ್ಕೆ ಎದ್ದರೆ ಅದು ಹಟವಲ್ಲ, ಅದರ ಗಡಿಯಾರ ಸರಿಯಾಗಿಯೇ ಓಡುತ್ತಿದೆ.

ಇದಕ್ಕೆ ಸೆಕೆ ಸೇರುತ್ತದೆ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್-ಮೇನಲ್ಲಿ ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗುವ ಮನೆಗಳಲ್ಲಿ ಬೆಳಕಿಗೆ ತಡೆಯೇ ಇಲ್ಲ. ಹೊಲಕ್ಕೆ ಹೋಗುವವರು ತಂಪು ಹೊತ್ತಿನಲ್ಲೇ ಏಳುತ್ತಾರೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಕೂಡ ಬೇಸಿಗೆಯಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಊರೇ ಬೇಗ ಎದ್ದು ರೊಟ್ಟಿ ಬಡಿಯುವ ಸದ್ದು ಶುರುವಾದಾಗ ಮಗು ಒಂದೇ ಮಲಗಿರಲಿ ಎಂದರೆ ಆಗದು. ನಸುಕಿಗೇ ಎದ್ದು ಒಲೆ ಹಚ್ಚುವ ತಾಯಿಗೆ ಮಗು ಇನ್ನರ್ಧ ಗಂಟೆ ಮಲಗಿದರೆ ಕೆಲಸ ಸಲೀಸು ಎಂಬುದೂ ಅಷ್ಟೇ ನಿಜ. ಆದ್ದರಿಂದ ಆಗಬಹುದಾದದ್ದನ್ನು ಮಾಡೋಣ.

ಏನು ಮಾಡಬಹುದು?

1. ಬೆಳಕು ತಡೆಯಿರಿ. ಪೂರ್ವದ ಕಿಟಕಿಗೆ ದಪ್ಪ ಕೌದಿ ಅಥವಾ ಗಾಢ ಬಣ್ಣದ ಸೀರೆ ಕಟ್ಟಿ, ಗಾಳಿಗೆ ಇನ್ನೊಂದು ಕಿಟಕಿ ತೆರೆದಿಡಿ. ಹೊರಗೆ ಮಲಗುವುದಾದರೆ ಪೂರ್ವಕ್ಕೆ ಗೋಡೆ ಇರುವ ಕಡೆ ಹಾಸಿಗೆ ಹಾಕಿ. ಕೂಸಿನ ಮುಖದ ಮೇಲೆ ಮಾತ್ರ ಬಟ್ಟೆ ಹೊದಿಸಬೇಡಿ.

2. ನಿದ್ದೆ ಸಾಲದಿದ್ದರೆ ರಾತ್ರಿ ಬೇಗ ಮಲಗಿಸಿ. ಮೂರ್ನಾಲ್ಕು ದಿನಕ್ಕೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತನ್ನಿ. ಮಲಗುವ ಒಂದು ಗಂಟೆ ಮೊದಲು ಟಿವಿ, ಮೊಬೈಲ್ ಆಫ್.

3. ಒಟ್ಟು ನಿದ್ದೆ ಸಾಕಷ್ಟಿದ್ದು, ಏಳುವ ಹೊತ್ತು ಮಾತ್ರ ಮುಂದೆ ಹೋಗಬೇಕಿದ್ದರೆ ಇಡೀ ದಿನವನ್ನೇ ಮುಂದೆ ಸರಿಸಿ. ಊಟ, ಹಗಲು ನಿದ್ದೆ, ರಾತ್ರಿ ನಿದ್ದೆ ಎಲ್ಲವೂ 15 ನಿಮಿಷದಂತೆ ನಿಧಾನಕ್ಕೆ. ಎರಡು-ಮೂರು ವಾರ ಹಿಡಿಯುತ್ತದೆ.

4. 5 ಗಂಟೆಗೆ ಎದ್ದ ಮಗುವಿನ ಕೈಗೆ ಮೊಬೈಲ್ ಕೊಡಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ಎದ್ದ ಕೂಡಲೇ ಕಾರ್ಟೂನ್ ಸಿಗುತ್ತದೆ ಎಂದು ಮಗು ಕಲಿತರೆ ನಾಳೆಯೂ 5ಕ್ಕೇ ಏಳುತ್ತದೆ. ಪರದೆಯ ಬೆಳಕು ಗಡಿಯಾರಕ್ಕೆ ‘ಬೆಳಗಾಯಿತು’ ಎಂದು ಹೇಳುತ್ತದೆ. ದೀಪ ಹಾಕದೆ, ಹೆಚ್ಚು ಮಾತಾಡದೆ, ತಟ್ಟಿ ಮಲಗಿಸಿ.

5. ಮೂರು ವರ್ಷ ದಾಟಿದ ಮಗುವಿಗೆ ಗುರುತು ಕೊಡಿ. ಮೊಬೈಲನ್ನು ದೂರ ಇಟ್ಟು 6ಕ್ಕೆ ಒಂದು ಹಾಡಿನ ಅಲಾರಂ ಇಡಿ. ಹಾಡು ಬರುವವರೆಗೆ ಹಾಸಿಗೆಯಲ್ಲೇ ಇರಬೇಕು, ನಿದ್ದೆ ಬಾರದಿದ್ದರೆ ಗೊಂಬೆ ಹಿಡಿದುಕೊಂಡು ಸುಮ್ಮನೆ ಮಲಗಬಹುದು. ಕೇಳಿದ ದಿನ ಮೆಚ್ಚಿ ಮಾತಾಡಿಸಿ.

ಆರು ತಿಂಗಳೊಳಗಿನ ಕೂಸುಗಳಿಗೆ ಇವು ಯಾವುವೂ ಬೇಡ. ಅವು ಹಸಿವಿಗೆ ಏಳುತ್ತವೆ, ಎದ್ದಾಗ ಎದೆಹಾಲು ಕೊಡಬೇಕು.

ವೈದ್ಯರಿಗೆ ಯಾವಾಗ ತೋರಿಸಬೇಕು?

ಮಗು ದಿನವೂ ಗೊರಕೆ ಹೊಡೆದರೆ, ಬಾಯಿ ತೆರೆದು ಉಸಿರಾಡಿದರೆ ಮೂಗಿನ ಹಿಂದಿನ ಗ್ರಂಥಿ ಊದಿರಬಹುದು. ರಾತ್ರಿ ಗುದದ ಬಳಿ ಕೆರೆದುಕೊಂಡರೆ ಜಂತುಹುಳು ಇರಬಹುದು. ಕಾಲು ಒದ್ದಾಡಿಸುತ್ತ, ಹೊರಳಾಡುತ್ತ ಮಲಗಿದರೆ ಕಬ್ಬಿಣಾಂಶದ ಕೊರತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಇದು ಅಪರೂಪದ ಕಾಯಿಲೆಯಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಇಂಥ ಕಡೆ ಕಿಟಕಿಗೆ ಪರದೆ ಕಟ್ಟಿ ಪ್ರಯೋಜನವಿಲ್ಲ.

ಮನೆಯಷ್ಟೇ ಅಲ್ಲ, ಶಾಲೆಯೂ

ಮಕ್ಕಳ ನಿದ್ದೆ ತಾಯಿಯೊಬ್ಬಳ ಜವಾಬ್ದಾರಿಯಲ್ಲ. ನೆರೆಯ ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ, ಪೂರ್ವ ಪ್ರಾಥಮಿಕದಿಂದ 4ನೇ ತರಗತಿವರೆಗಿನ ಶಾಲೆಗಳು ಬೆಳಗ್ಗೆ 9ಕ್ಕೆ ಅಥವಾ ನಂತರವೇ ಶುರುವಾಗಬೇಕು ಎಂದು ಆದೇಶ ಹೊರಡಿಸಿತು. ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಎಂಬುದೇ ಅದಕ್ಕೆ ಕಾರಣ. 7.30ಕ್ಕೆ ವ್ಯಾನ್ ಕಳಿಸುವ ನಮ್ಮ ಖಾಸಗಿ ನರ್ಸರಿಗಳ ಪಾಲಕರ ಸಭೆಯಲ್ಲೂ ಈ ಪ್ರಶ್ನೆ ಕೇಳಬಹುದು.

‘ಸಿರಪ್ ಹಾಕಿ ಮಲಗಿಸಿ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಮೇಲಿನ ನಿದ್ದೆಯ ಲೆಕ್ಕ ಕಳಿಸಿ, ತಮ್ಮ ಮಗುವಿನ ಒಟ್ಟು ಎಷ್ಟು ಗಂಟೆ ಎಂದು ಕೂಡಿಸಿ ನೋಡಲು ಹೇಳಿ.