ಶೆಡ್ಡಿಗೊಂದು ಲೈನು

ಎಲೆಕ್ಟ್ರಿಕ್ ಸ್ಕೂಟರು ಮನೆಗೆ ಬಂತು. ಕುಂಕುಮ ಇಟ್ಟು, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಕಾಂಪೌಂಡಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ ಮೇಲೆ ಎಲ್ಲರೂ ಗೋಡೆ ಹುಡುಕಿದೆವು. ಪ್ಲಗ್ ಪಾಯಿಂಟೇ ಇಲ್ಲ! ಹೆಂಡತಿಗೆ ಬೇರೆಯದೇ ಚಿಂತೆ: ಗೃಹಜ್ಯೋತಿಯ ಉಚಿತ 200 ಯೂನಿಟ್ ದಾಟಿಬಿಟ್ಟರೆ?

ನಮ್ಮ ಬೀದಿಯಲ್ಲಿ ಇದಕ್ಕೆ ರೆಡಿಮೇಡ್ ಉಪಾಯವಿದೆ. ಹಾಲ್‌ನ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಡುವುದು, ಮಳೆ ಬಂದರೆ ಹಾಲಿನ ಕವರ್ ಹೊದಿಸುವುದು. ಮೊದಲು ಬಂದ ಎಲೆಕ್ಟ್ರಿಷಿಯನ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. "ಪೋರ್ಟಿಕೋ ಲೈಟಿಂದ ಒಂದು ಲೈನ್ ಎಳ್ಕೊಂಡ್ರೆ ಆಯ್ತು ಸಾರ್, ಅರ್ಧ ಗಂಟೆ ಕೆಲಸ" ಎಂದ. ಸ್ಕೂಟರ್ ಚಾರ್ಜರ್ ಎಳೆಯುವುದು ಮೂರ್ನಾಲ್ಕು ಆಂಪಿಯರ್. ನಿಜ ಹೇಳಬೇಕೆಂದರೆ ಲೈಟಿನ 1.5 ಚದರ ಮಿಲಿಮೀಟರ್ ವೈರು ಅಷ್ಟನ್ನು ತಡೆಯುತ್ತದೆ. ತಡೆಯದಿರುವುದು ಹೆಣೆದು ಟೇಪ್ ಸುತ್ತಿದ ಜಾಯಿಂಟು. ರಾತ್ರಿಯಿಡೀ ಬಿಸಿಯಾಗಿ, ಮಳೆಗಾಲದಲ್ಲಿ ನೀರು ಕುಡಿದು, ಅದು ಒಂದು ದಿನ ಕಪ್ಪಾಗುತ್ತದೆ. ನಾಳೆ ಅಲ್ಲೇ ಕಾರಿನ ಚಾರ್ಜರ್ ಸಿಕ್ಕಿಸಿದರಂತೂ 3.3 ಕಿಲೋವಾಟ್. ಹಳೇ ಮನೆಗಳ ಬಿಲ್ಲಿನಲ್ಲಿ ಮಂಜೂರಾದ ಲೋಡೇ ಅಷ್ಟಿರುವುದಿಲ್ಲ, ಒಮ್ಮೆ ತೆಗೆದು ನೋಡಿ.

ಮನಸ್ಸು ಒಪ್ಪದೆ, ಲೈಸೆನ್ಸ್ ಇರುವ ಹಿರಿಯ ವೈರ್‌ಮನ್ ಒಬ್ಬರನ್ನು ಕರೆಸಿದೆ. ಅವರು ಮೇನ್ ಆಫ್ ಮಾಡಿ ಪೋರ್ಟಿಕೋ ಬೋರ್ಡು ಬಿಚ್ಚಿದರು. ಸಾಕೆಟ್ಟಿಗೆ ಮೂರು ಕಣ್ಣು, ಹಿಂದೆ ಎರಡೇ ವೈರು. ಹಸಿರು ವೈರು ಮಡಚಿ ಟೇಪ್ ಸುತ್ತಿಕೊಂಡು ಮೂಲೆಯಲ್ಲಿ ಮಲಗಿತ್ತು. ಹದಿನೆಂಟು ವರ್ಷದಿಂದ ಅಲ್ಲಿ ಅರ್ತ್ ಇರಲಿಲ್ಲ, ನಮಗೆ ಗೊತ್ತೂ ಇರಲಿಲ್ಲ. ಪ್ಲಗ್ಗಿನ ಆ ಮೂರನೇ ಪಿನ್ನು ಉದ್ದ ಯಾಕೆ ಅಂದುಕೊಂಡಿದ್ದೀರಿ? ಕರೆಂಟು ಮುಟ್ಟುವ ಮೊದಲೇ ಅರ್ತ್ ಮುಟ್ಟಲಿ, ಕೀಳುವಾಗ ಅದೇ ಕೊನೆಗೆ ಬಿಡಲಿ ಎಂದು.

"ಎಂಸಿಬಿ ಇದೆಯಲ್ಲಾ" ಎಂದೆ.

"ಅದು ವೈರ್ ಕಾಯೋದು ಸಾರ್, ನಿಮ್ಮನ್ನಲ್ಲ."

ಸರಿ ತಾನೇ? 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಹರಿಯಬೇಕು. ಮನುಷ್ಯನ ಗುಂಡಿಗೆ ಹದ ತಪ್ಪಲು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. ನಮ್ಮನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ವಾಪಸ್ ಬಂತೇ ಎಂದು ಲೆಕ್ಕ ನೋಡುತ್ತಾ ಕೂರುತ್ತದೆ. 30 ಮಿಲಿಆಂಪಿಯರ್ ಖೋತಾ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್.

ಡಿಬಿ ಬಾಕ್ಸಿನಿಂದಲೇ ಪ್ರತ್ಯೇಕ ಲೈನು, ಅದಕ್ಕೇ ಒಂದು ಎಂಸಿಬಿ, ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಇರುವ ಆರ್ಮರ್ಡ್ ಕೇಬಲ್ಲು. ಅಂಗಳದಲ್ಲಿ ಎರಡೂವರೆ ಅಡಿ ಆಳ ತೋಡಿ, ಮರಳು ಹಾಸಿ, ಮೇಲೆ ಇಟ್ಟಿಗೆ ಜೋಡಿಸಿದರು. ಮುಂದೊಂದು ದಿನ ಯಾರೋ ಬಾಳೆಗಿಡ ನೆಡಲು ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಸಿಗಲಿ ಎಂದು. ತಗಡಿನ ಶೆಡ್ಡಿಗೂ ಅರ್ತ್ ಕೊಟ್ಟರು. ನನ್ನ ಪಾಲಿಗೆ ಬಂದ ಕೆಲಸ, ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹುಯ್ಯುವುದು.

ಆರ್‌ಸಿಸಿಬಿಯನ್ನು ಇಡೀ ಮನೆಗೇ ಹಾಕಿಸಿದೆ. ಮಾರನೇ ಬೆಳಿಗ್ಗೆ ಸ್ಕೂಟರು ಪೂರ್ತಿ ಚಾರ್ಜ್ ಆಗಿತ್ತು. ಬಚ್ಚಲಲ್ಲಿ ಗೀಸರ್ ಸ್ವಿಚ್ ಒತ್ತಿದ್ದೇ ತಡ, ಮನೆಯೆಲ್ಲ ಕತ್ತಲು. ಮತ್ತೆ ಎತ್ತಿದರೆ ಮತ್ತೆ ಬಿತ್ತು. ಮೊದಲಿನ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ಹೊಸ ಐಟಂದೇ ತೊಂದ್ರೆ ಸಾರ್, ಬೈಪಾಸ್ ಮಾಡ್ಬಿಡ್ತೀನಿ" ಎಂದ. ಬೇಡ ಎಂದು ಗೀಸರ್ ಬಿಚ್ಚಿಸಿದೆ. ಒಳಗಿನ ಕಾಯಿಲ್ ಸೀಳು ಬಿಟ್ಟಿತ್ತು. ಎಷ್ಟು ದಿನದಿಂದ ಆ ಬಿಸಿನೀರಲ್ಲಿ ಮಿಂದಿದ್ದೆವೋ.