ಹೊರಗೋಡೆ ಉಳಿದರೆ ಮೂಲಭಾವ ಉಳಿದೀತೆ?



ಒಂದು ಕಟ್ಟಡದ ವಿನ್ಯಾಸವನ್ನೆಲ್ಲ ಹಿಡಿದು ನಿಲ್ಲಿಸುವ ಮೂಲಭಾವವು ಯಾವುದು, ಅದು ಕಟ್ಟಡದಲ್ಲಿ ಎಲ್ಲಿ ನೆಲೆಸಿರುತ್ತದೆ ಎಂಬುದೇ ಈ ಬರಹದ ವಿಷಯ. ವಚನಚಿಂತನೆಗೆ ಮೀಸಲಾದ ಪುಟದಲ್ಲಿ ಇಟ್ಟಿಗೆ ಗಾರೆಗಳ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವಿದೆ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ವಿದ್ಯಾರ್ಥಿನಿಲಯಗಳನ್ನು ಕೆಡಹುವ ಮಾತು ಬಂದ ಮೇಲೆ, "ಕಟ್ಟಡವು ಸ್ಥಾವರವಷ್ಟೆ, ಹೋದರೆ ಹೋಗಲಿ, ಭಾವವು ಉಳಿದರೆ ಸಾಕು" ಎನ್ನುವವರು ನಮ್ಮ ನಡುವೆಯೂ ಇದ್ದಾರೆ. ಬಸವಣ್ಣನವರ ಮಾತನ್ನು ಸಲ್ಲದ ಕಡೆಗೆ ಎಳೆದು ತರುವ ಈ ವಾದವನ್ನು ನಾವು ಒಪ್ಪಲಾರೆವು.

ಮೊದಲು ಮೂಲಭಾವವೆಂದರೇನೆಂದು ತಿಳಿಯೋಣ. ವಾಸ್ತುಶಿಲ್ಪಿಗಳು ಇದನ್ನು 'ಪಾರ್ಟಿ' ಎನ್ನುತ್ತಾರೆ. ಇದು ಚುನಾವಣೆಯ ಪಾರ್ಟಿಯೂ ಅಲ್ಲ, ಹುಟ್ಟುಹಬ್ಬದ ಪಾರ್ಟಿಯೂ ಅಲ್ಲ. ಒಂದು ನಿಲುವನ್ನು ತಳೆಯುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಪದ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ಸ್ಪರ್ಧೆಗೆ ಕುಳಿತ ವಿದ್ಯಾರ್ಥಿಯು ಕೆಲವೇ ಗಂಟೆಗಳಲ್ಲಿ, ಯಾರ ನೆರವೂ ಇಲ್ಲದೆ, ಒಂದು ಕರಡು ನಕ್ಷೆಯನ್ನು ಬರೆದು ಒಪ್ಪಿಸಬೇಕಿತ್ತು. ಮುಂದೆ ವಾರಗಟ್ಟಲೆ ಕೂತು ಅಂತಿಮ ಚಿತ್ರವನ್ನು ಎಷ್ಟೇ ಸುಂದರವಾಗಿ ತಿದ್ದಿ ತೀಡಿದರೂ, ಅದು ಮೊದಲ ಕರಡಿನ ನಿಲುವನ್ನು ಬಿಟ್ಟಿದ್ದರೆ ಅವನು ಸ್ಪರ್ಧೆಯಿಂದಲೇ ಹೊರಗೆ. ಅಂದರೆ ಮೂಲಭಾವವು ಅಲಂಕಾರವಲ್ಲ, ಆಡಿದ ಮಾತಿಗೆ ತಪ್ಪದೆ ನಡೆಯುವ ಬಗೆ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಜೋಯಿಸರನ್ನು ಕೇಳುವ ವಾಸ್ತುವಿಗೂ ಇದಕ್ಕೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಇನ್ನು ಅಹಮದಾಬಾದಿಗೆ ಬರೋಣ. 1961ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ನೆಲೆಯನ್ನು ವಿನ್ಯಾಸಗೊಳಿಸಲು ಮರುವರ್ಷ ಅಮೆರಿಕದ ಲೂಯಿ ಕಾನ್ ಅವರನ್ನು ಕರೆಸಲಾಯಿತು. ಕರೆಸಿದವರಲ್ಲಿ ಬಾಲಕೃಷ್ಣ ದೋಶಿಯವರು ಮುಖ್ಯರು. ಕಾನ್ ಅವರು 1974ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸದಲ್ಲಿ ತೊಡಗಿದ್ದರು. ಹೊರಗಿನಿಂದ ನೋಡುವವನ ಕಣ್ಣಿಗೆ ಅಲ್ಲಿ ಕಾಣುವುದು ಕೆಂಪು ಇಟ್ಟಿಗೆಯ ದಪ್ಪ ಗೋಡೆಗಳು, ಅವುಗಳಲ್ಲಿ ಕೊರೆದಂತಿರುವ ದೊಡ್ಡ ವೃತ್ತಾಕಾರದ ತೆರಪುಗಳು, ಕಮಾನುಗಳ ಬುಡವನ್ನು ಬಿಗಿದಿಟ್ಟ ಕಾಂಕ್ರೀಟಿನ ತೊಲೆಗಳು. ಛಾಯಾಚಿತ್ರಗಳಲ್ಲಿ ಬರುವುದೂ ಇವೇ. ಆದರೆ ಮೂಲಭಾವವು ಇವುಗಳಲ್ಲಿಲ್ಲ.

ಅದು ಇರುವುದು ಕಲಿಕೆಯು ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಗೆ ಕಾನ್ ಅವರು ಕೊಟ್ಟ ಉತ್ತರದಲ್ಲಿ. ಶಾಲೆಯು ಹುಟ್ಟಿದ್ದು ಮರದ ಕೆಳಗೆ ಕೂಡಿದವರ ಮಾತುಕತೆಯಿಂದ ಎಂಬುದು ಅವರ ನಂಬಿಕೆ. ಪಾಠದ ಕೋಣೆಯ ಒಳಗೆ ಆದಷ್ಟೇ ಕಲಿಕೆಯು ಅದರ ಹೊರಗೂ ಆಗುತ್ತದೆಯೆಂದು ಅವರು ತಿಳಿದಿದ್ದರು. ಆದುದರಿಂದಲೇ ಅವರು ಹದಿನೆಂಟು ವಿದ್ಯಾರ್ಥಿನಿಲಯಗಳನ್ನು ದೂರದ ಮೂಲೆಗೆ ತಳ್ಳದೆ ಪಾಠಶಾಲೆಯ ಮಗ್ಗುಲಲ್ಲೇ ತಂದಿಟ್ಟರು. ನೈರುತ್ಯದ ಗಾಳಿಗೆ ಮೈಯೊಡ್ಡುವಂತೆ ಅವುಗಳನ್ನು ಓರೆಯಾಗಿ ನಿಲ್ಲಿಸಿದರು. ಒಳಗೆ ಉದ್ದನೆಯ ಕಾರಿಡಾರು, ಅದರ ಇಬ್ಬದಿಗೂ ಆಸ್ಪತ್ರೆಯ ವಾರ್ಡಿನಂತೆ ಕೋಣೆಗಳ ಸಾಲು — ಅದನ್ನು ಅವರು ಬೇಕೆಂದೇ ಬಿಟ್ಟರು. ಒಂದು ಮೆಟ್ಟಿಲಸಾಲು, ಅದರ ಬಳಿ ಚಹಾ ಕುಡಿಯುವ ಕೋಣೆ, ಇವುಗಳ ಸುತ್ತ ಹತ್ತು ಹತ್ತು ಕೋಣೆಗಳ ಗುಂಪು. ಕೋಣೆಯಿಂದ ಹೊರಟವನು ಮತ್ತೊಬ್ಬನನ್ನು ಎದುರುಗೊಳ್ಳದೆ ಕೆಳಗಿಳಿಯುವುದು ಕಷ್ಟ. ಎದುರಾದ ಮೇಲೆ ನಿಂತು ನಾಲ್ಕು ಮಾತಾಡಲು ಸ್ಥಳವೂ ಉಂಟು. ಕಾರಿಡಾರಿಗೆ ವ್ಯಯವಾಗಬೇಕಿದ್ದ ನೆಲವನ್ನು ಅವರು ಮಾತುಕತೆಗೆ ಕೊಟ್ಟರು. ಅನುಭವ ಮಂಟಪವನ್ನು ನಿತ್ಯ ನೆನೆಯುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಈ ಭಾವಕ್ಕೆ ಇದೊಂದೇ ರೂಪವೆಂದು ತಿಳಿಯಬೇಕಿಲ್ಲ. ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ನಿರ್ವಹಣಾ ಸಂಸ್ಥೆಯನ್ನು ನೋಡಿರಿ. ಅದರ ವಿನ್ಯಾಸ ಮೇಲೆ ಹೇಳಿದ ದೋಶಿಯವರದೇ. ಫತೇಪುರ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಇಲ್ಲಿ ಕಾರಿಡಾರನ್ನು ಬಿಡಲಿಲ್ಲ, ಬದಲಿಗೆ ಅದನ್ನೇ ಇಡೀ ವಿನ್ಯಾಸದ ಬೆನ್ನೆಲುಬಾಗಿಸಿದರು. ಕಲ್ಲಿನ ಗೋಡೆಗಳ ನಡುವೆ ಎತ್ತರವಾದ, ಅಲ್ಲಲ್ಲಿ ಆಕಾಶಕ್ಕೆ ತೆರೆದ ಹಾದಿಗಳು; ಮೇಲೆ ಹಬ್ಬಿದ ಬಳ್ಳಿ, ಕೆಳಗೆ ಬಿಸಿಲು ನೆರಳಿನ ಆಟ. ಒಬ್ಬರು ಕಾರಿಡಾರನ್ನು ತೆಗೆದುಹಾಕಿದರು, ಇನ್ನೊಬ್ಬರು ಅದನ್ನೇ ಹಿರಿದಾಗಿಸಿದರು. ಇಬ್ಬರ ಗುರಿಯೂ ಮನುಷ್ಯರು ಎದುರಾಗಿ ನಿಂತು ಮಾತಾಡಬೇಕೆಂಬುದೇ. ಮೂಲಭಾವವನ್ನು ಹೊರಮೈಯಲ್ಲಿ ಹುಡುಕುವವನಿಗೆ ಇಟ್ಟಿಗೆಯ ಅಹಮದಾಬಾದೂ ಕಲ್ಲಿನ ಬೆಂಗಳೂರೂ ದಾಯಾದಿಗಳಂತೆ ಕಂಡಾವು. ನಕ್ಷೆಯನ್ನು ಓದಬಲ್ಲವನು ಅವು ಒಡಹುಟ್ಟಿದವೆಂದು ಬಲ್ಲನು.

ಇಂದಿನ ದಿನಗಳಲ್ಲಿ ಕಲ್ಪನೆಯೆಂಬ ಹೆಸರಿನಲ್ಲಿ ನಡೆಯುತ್ತಿರುವುದು ಬೇರೆ. ಹೈದರಾಬಾದಿನಲ್ಲಿ ರಾಷ್ಟ್ರೀಯ ಮೀನುಗಾರಿಕಾ ಅಭಿವೃದ್ಧಿ ಮಂಡಳಿಯ ಕಚೇರಿಯನ್ನು ಮೀನಿನ ಆಕಾರದಲ್ಲೇ ಕಟ್ಟಿದ್ದಾರೆ. ದಾರಿಹೋಕರು ನಕ್ಕು ಚಿತ್ರ ತೆಗೆದುಕೊಳ್ಳುತ್ತಾರೆ, ಅಷ್ಟು ಸಂತೋಷವಾದರೂ ಸಿಗಲಿ. ಆದರೆ ಒಳಗೆ ಮೇಜು ಕುರ್ಚಿ ಹಾಕಿಕೊಂಡು ಕಡತ ನೋಡುವವನ ಕೆಲಸಕ್ಕೂ ಹೊರಗಿನ ಕಿವಿರು ಕಣ್ಣುಗಳಿಗೂ ಏನು ನಂಟು? ವೇಷವನ್ನು ಭಾವವೆಂದು ಕರೆದರೆ ವೇಷವು ಭಾವವಾಗುವುದಿಲ್ಲ. ಲಾಂಛನವನ್ನು ಧರಿಸಿ ಆಚಾರವನ್ನು ಮರೆತವರನ್ನು ಶರಣರು ಬಿಡದೆ ಹಳಿದುದನ್ನು ಓದಿರುವ ನಾವು ಕಟ್ಟಡಗಳ ವಿಷಯದಲ್ಲಿ ಮಾತ್ರ ವೇಷಕ್ಕೆ ಮರುಳಾಗುವುದು ಸೋಜಿಗ.

ಅಹಮದಾಬಾದಿನಲ್ಲಿ ಆದುದು ಇದಕ್ಕಿಂತ ಗಂಭೀರ. 2020ರ ಡಿಸೆಂಬರಿನಲ್ಲಿ ಸಂಸ್ಥೆಯು ಹದಿನೆಂಟರಲ್ಲಿ ಹದಿನಾಲ್ಕು ನಿಲಯಗಳನ್ನು ಕೆಡವಿ ಹೊಸದಾಗಿ ಕಟ್ಟಿಸುವ ಇಂಗಿತವನ್ನು ಪ್ರಕಟಿಸಿತು. ದೇಶವಿದೇಶಗಳಿಂದ ವಿರೋಧ ಬಂದುದರಿಂದ 2021ರ ಜನವರಿಯ ಮೊದಲಲ್ಲೇ ಅದನ್ನು ಹಿಂತೆಗೆದುಕೊಂಡಿತು. 2022ರ ನವೆಂಬರಿನಲ್ಲಿ ವಿಷಯವು ಮತ್ತೆ ತಲೆಯೆತ್ತಿತು. ಈ ಸಲದ ನಿರ್ಧಾರದಲ್ಲಿ ಒಂದು ಅಂಶ ನಮ್ಮನ್ನು ಬಹುವಾಗಿ ಕಾಡುತ್ತದೆ. ಅಧ್ಯಾಪಕರ ಕಟ್ಟಡಗಳು, ಪಾಠಶಾಲೆ, ಅಂಚಿನ ಕೆಲವು ನಿಲಯಗಳು ಇವುಗಳ ಹೊರರೂಪವನ್ನು ಇದ್ದಂತೆಯೇ ಮರಳಿ ಕಟ್ಟುವುದು, ಒಳಗಿನ ಏರ್ಪಾಟನ್ನು ಮಾತ್ರ ಅಗತ್ಯಕ್ಕೆ ತಕ್ಕಂತೆ ಬದಲಿಸುವುದು! ಅಂದರೆ ಚಿತ್ರದಲ್ಲಿ ಕಾಣುವ ವೃತ್ತಗಳು ಉಳಿಯುತ್ತವೆ, ಆ ವೃತ್ತಗಳ ಹಿಂದೆ ಹುಡುಗರು ಕೂಡಿ ಕುಳಿತ ಬಗೆಗೆ ಮಾತ್ರ ಅಭಯವಿಲ್ಲ. ಕಾಯಿಯ ಸಿಪ್ಪೆಯನ್ನು ಜೋಪಾನ ಮಾಡಿ ತಿರುಳನ್ನು ಬದಲಿಸುವ ಈ ಏರ್ಪಾಟಿಗೆ ಸಂರಕ್ಷಣೆಯೆಂಬ ಹೆಸರು ಸಲ್ಲದು.

ಸಂಸ್ಥೆಯವರು ಹೇಳುವ ಕಷ್ಟಗಳು ಸುಳ್ಳಲ್ಲ. ಇಟ್ಟಿಗೆ ಸವೆದಿದೆ, ನೀರು ಜಿನುಗಿದೆ, 2001ರ ಭೂಕಂಪವು ಗೋಡೆಗಳನ್ನು ನೋಯಿಸಿದೆ. ಮಕ್ಕಳು ಮಲಗುವ ಮಾಳಿಗೆ ಭದ್ರವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಒಬ್ಬ ವಿದ್ಯಾರ್ಥಿಯ ಜೀವಕ್ಕಿಂತ ಯಾವ ಕಮಾನೂ ದೊಡ್ಡದಲ್ಲ. ಆದರೆ ಅದೇ ಆವರಣದ, ಅದೇ ಇಟ್ಟಿಗೆಯ ವಿಕ್ರಮ ಸಾರಾಭಾಯಿ ಗ್ರಂಥಾಲಯವು ಜೀರ್ಣೋದ್ಧಾರಗೊಂಡು 2019ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿಯನ್ನು ಪಡೆಯಿತಲ್ಲವೇ? ಕೆಡಹುವುದೊಂದೇ ದಾರಿಯೆಂಬ ಮಾತಿಗೆ ಆ ಗ್ರಂಥಾಲಯವೇ ಎದುರುಸಾಕ್ಷಿಯಾಗಿ ನಿಂತಿದೆ. ಒಂದು ವೇಳೆ ಕೆಲವು ಗೋಡೆಗಳು ನಿಜಕ್ಕೂ ಉಳಿಯಲಾರವೆಂದೇ ಇಟ್ಟುಕೊಳ್ಳೋಣ. ಆಗ ಮೊದಲು ಕಾಯಬೇಕಾದುದು ನಕ್ಷೆಯನ್ನು, ಮುಖವನ್ನಲ್ಲ.

ಇನ್ನು ಸ್ಥಾವರವೆಂದು ಕೈತೊಳೆದುಕೊಳ್ಳುವವರ ಮಾತು. ಸ್ಥಾವರ-ಜಂಗಮಗಳ ಭೇದವನ್ನು ಸಾರಿದ ಆ ವಚನದಲ್ಲಿ ಬಸವಣ್ಣನವರು ಕೆಡಹುವ ಗುತ್ತಿಗೆಯನ್ನು ಯಾರಿಗೂ ಕೊಡಲಿಲ್ಲ. ಸಿರಿವಂತಿಕೆಯು ಕಲ್ಲಿನಲ್ಲಿ ಮೆರೆಯುವುದನ್ನು ಕಂಡು, ದೇಹವನ್ನೇ ದೇಗುಲವಾಗಿಸಿ, ನಡೆದಾಡುವ ಚೈತನ್ಯದ ಹಿರಿಮೆಯನ್ನು ಅವರು ಎತ್ತಿ ಹಿಡಿದರು. ಅಹಮದಾಬಾದಿನ ಆ ನಿಲಯದಲ್ಲಿ ಜಂಗಮವು ಯಾವುದು? ಮೆಟ್ಟಿಲ ಬಳಿ ನಡೆದಾಡುವ, ನಿಲ್ಲುವ, ವಾದಿಸುವ, ಚಹಾ ಹಂಚಿಕೊಳ್ಳುವ ವಿದ್ಯಾರ್ಥಿಸಮೂಹ. ಸ್ಥಾವರವು ಯಾವುದು? ಫೋಟೋದ ಹೊರಗೋಡೆ. ಈಗಿನ ಯೋಜನೆಯು ಖಚಿತವಾಗಿ ಉಳಿಸುವೆನೆಂದು ಮಾತು ಕೊಡುತ್ತಿರುವುದು ಯಾವುದನ್ನು, ಬದಲಿಸಲು ಹೊರಟಿರುವುದು ಯಾವುದನ್ನು ಎಂದು ವಚನವನ್ನು ಉದಾಹರಿಸುವ ಮಹನೀಯರು ಒಮ್ಮೆ ಎಣಿಸಿ ನೋಡಲಿ. ಹೊಸ ನಕ್ಷೆಯನ್ನು ಮುಂದಿಟ್ಟಾಗ, ಮೆಟ್ಟಿಲ ಪಕ್ಕದ ಆ ಚಹಾದ ಕೋಣೆ ಇದರಲ್ಲಿ ಎಲ್ಲಿದೆಯೆಂದು ಬೆರಳಿಟ್ಟು ಕೇಳಲಿ.